ಮುರಿದ ಬಂಪರ್ ಬೋಲ್ಟ್: ಹಳೆ ಕಾರು ಬಿಚ್ಚುವವರಿಗೆ ಒಂದು ಟಿಪ್ಪಣಿ

ಹಳೆ ಕಾರಿನ ಬಂಪರ್ ಬಿಚ್ಚಲು ಕೂತರೆ ಒಂದೆರಡು ಬೋಲ್ಟ್ ಮುರಿಯುವುದು ಮಾಮೂಲು. ಚಕ್ರ ಎರಚುವ ನೀರು, ಕೆಸರು ಎಲ್ಲ ಅವುಗಳ ಮೇಲೇ ಬೀಳುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ. ಕಬ್ಬಿಣ ತುಕ್ಕಾದಾಗ ಊದಿಕೊಳ್ಳುತ್ತದೆ. ಥ್ರೆಡ್ (ಬೋಲ್ಟಿನ ಸುರುಳಿ ಗೆರೆ) ಸಂದಿಯಲ್ಲಿ ಊದಲು ಜಾಗ ಎಲ್ಲಿದೆ? ಬೋಲ್ಟ್, ನಟ್ ಎರಡನ್ನೂ ಕಚ್ಚಿ ಹಿಡಿಯುತ್ತದೆ. ಸ್ಪ್ಯಾನರ್ ಹಾಕಿ ಜಗ್ಗಿದರೆ ತಲೆ ತಿರುಗುತ್ತದೆ, ಥ್ರೆಡ್ ಅಲ್ಲಾಡುವುದಿಲ್ಲ. ನಡುವೆ ಇರುವ ಕಾಂಡ ತಿರುಚಿಕೊಂಡು ಫಟ್ ಅಂತ ತುಂಡಾಗುತ್ತದೆ.

ಮುರಿಯುವ ಮುಂಚೆ ಕೈಗೆ ಒಂದು ಸುಳಿವು ಸಿಗುತ್ತದೆ. ಕಿರ್ರ್ ಅಂತ ಸದ್ದು ಮಾಡುತ್ತಾ ತಿರುಗಿದರೆ ಒಳ್ಳೆಯದು, ತುಕ್ಕು ಬಿಡುತ್ತಿದೆ ಎಂದರ್ಥ. ಸದ್ದೇ ಇಲ್ಲದೆ ಮೆತ್ತಗೆ, ರಬ್ಬರ್ ತಿರುಚಿದ ಹಾಗೆ ಅನ್ನಿಸಿದರೆ ತಕ್ಷಣ ನಿಲ್ಲಿಸಿ. ಅಲ್ಲಿ ಸೋಲುತ್ತಿರುವುದು ಉಕ್ಕು. ಇದನ್ನು ನಾನು ಕಲಿತದ್ದು ಸುಮ್ನೆ ಅಲ್ಲ, ಮೂರು ಬೋಲ್ಟ್ ಮುರಿದ ಮೇಲೆ. ಈಗ ಏನು ಮಾಡುತ್ತೇನೆ ಅಂದರೆ, ಬಿಗಿ ಮಾಡುವ ಕಡೆಗೇ ಒಂದು ಕೂದಲೆಳೆಯಷ್ಟು ತಿರುಗಿಸಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸುತ್ತಿಗೆಯಿಂದ ತಲೆಗೆ ನಾಲ್ಕು ಏಟು ಕೊಟ್ಟು ರಾತ್ರಿಯಿಡೀ ಬಿಡುತ್ತೇನೆ. ಆ ಏಟಿಗೆ ತುಕ್ಕು ಬಿರುಕು ಬಿಡುತ್ತದೆ, ಎಣ್ಣೆ ಒಳಗೆ ಇಳಿಯುತ್ತದೆ.

ಬಿಸಿ ಮಾಡುವುದು ಇನ್ನೂ ಒಳ್ಳೆಯ ಉಪಾಯ, ಆದರೆ ಜಾಗ ನೋಡಿ. ಎಣ್ಣೆ ಹಾಕಿದ ಮೇಲೆ ಬೆಂಕಿ ಹಿಡಿಯಬೇಡಿ. ಹಿಂದಿನ ಬಂಪರ್ ಆದರೆ ಪೆಟ್ರೋಲ್ ಟ್ಯಾಂಕ್ ಹತ್ತಿರದಲ್ಲೇ ಇರಬಹುದು. ಕೆಲವು ಹಳೆ ಕಾರುಗಳಲ್ಲಿ ಬಂಪರ್ ಹಿಂದೆ ಗ್ಯಾಸ್ ಅಥವಾ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಇರುತ್ತದೆ. ಅದಕ್ಕೆ ಬೆಂಕಿ ತಾಗಿಸಬೇಡಿ, ಡ್ರಿಲ್ಲೂ ಹಾಕಬೇಡಿ. ಸಿಡಿಯುತ್ತದೆ.

ಸರಿ, ಮುರಿದೇ ಹೋಯಿತು ಅಂದುಕೊಳ್ಳೋಣ. ತುಂಡು ಸ್ವಲ್ಪ ಹೊರಗೆ ಚಾಚಿದ್ದರೆ ಅದೃಷ್ಟ. ಅದರ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿಸಿ. ಹಿಡಿತವೂ ಸಿಗುತ್ತದೆ, ಬಿಸಿಗೆ ತುಕ್ಕೂ ಸಡಿಲವಾಗುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಕನೆಕ್ಷನ್ ತೆಗೆಯಿರಿ.

ಮೇಲ್ಮೈಗೆ ಸಮನಾಗಿ ಮುರಿದಿದ್ದರೆ ಡ್ರಿಲ್ಲೇ ಗತಿ. ಮುರಿದ ಮುಖ ಓರೆಯಾಗಿರುತ್ತದೆ, ಮೊದಲು ಅರದಿಂದ ಮಟ್ಟ ಮಾಡಿ. ಆಮೇಲೆ ನಟ್ಟನಡುವೆ ಸೆಂಟರ್ ಪಂಚ್ (ಚೂಪು ತುದಿಯ ಉಕ್ಕಿನ ಕಡ್ಡಿ) ಹೊಡೆದು ಗುರುತು. ಈ ಚುಕ್ಕೆಗೆ ಹತ್ತು ನಿಮಿಷ ಕೊಟ್ಟರೂ ಜಾಸ್ತಿ ಅಲ್ಲ, ಇದು ತಪ್ಪಿದರೆ ಮುಂದಿನದೆಲ್ಲ ತಪ್ಪು. 3 ಮಿ.ಮೀ. ಬಿಟ್‌ನಿಂದ ಶುರು ಮಾಡಿ, ನಿಧಾನ ವೇಗ, ಆಗಾಗ ಎಣ್ಣೆ. ಎಡಕ್ಕೆ ತಿರುಗುವ ಬಿಟ್ ಸಿಕ್ಕರೆ ಅದನ್ನೇ ಹಾಕಿ, ಎಷ್ಟೋ ಸಲ ಕೊರೆಯುತ್ತಿರುವಾಗಲೇ ತುಂಡು ತಾನಾಗಿ ಹೊರಬರುತ್ತದೆ. ಕನ್ನಡಕ ಮರೆಯಬೇಡಿ.

ಎಲ್ಲರೂ ಮೊದಲು ಕೇಳುವುದು ಎಕ್ಸ್‌ಟ್ರಾಕ್ಟರ್. ಮುರಿದ ತುಂಡಿನಲ್ಲಿ ತೂತು ಕೊರೆದು, ಒಳಗೆ ಕಚ್ಚಿಸಿ, ತುಂಡನ್ನು ತಿರುಗಿಸಿ ಹೊರತೆಗೆಯುವ ಕಡ್ಡಿ ಅದು. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಪೂರ್ತಿ ಬೋಲ್ಟಿಗೇ ಬಗ್ಗದ ತುಕ್ಕು, ಅದಕ್ಕಿಂತ ಸಣ್ಣ ಕಡ್ಡಿಗೆ ಬಗ್ಗುತ್ತದಾ? ಅದು ತುಂಬಾ ಗಟ್ಟಿ ಉಕ್ಕು. ಒಳಗೇ ಮುರಿದರೆ ಮಾಮೂಲು ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. ಅದರ ಬದಲು ಪೂರ್ತಿ ಕೊರೆದು ಹೊಸದಾಗಿ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಾಕುವುದೇ ವಾಸಿ. ಎಂ8 (8 ಮಿ.ಮೀ. ದಪ್ಪದ) ಬೋಲ್ಟ್, 1.25 ಪಿಚ್ (ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ಅಂತರ, ಮಿ.ಮೀ. ಲೆಕ್ಕದಲ್ಲಿ) ಆದರೆ 6.8 ಮಿ.ಮೀ. ತೂತು. ಎಂ10, 1.5 ಪಿಚ್ ಆದರೆ 8.5. ಟ್ಯಾಪನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಾ ಹೋಗಿ.

ಕ್ರೋಮ್ ಬಂಪರ್‌ಗಳಲ್ಲಿ ಇನ್ನೊಂದು ಕಿರಿಕಿರಿ ಇದೆ. ಗುಂಡು ತಲೆಯ ಬೋಲ್ಟ್, ಕೆಳಗೆ ಚೌಕ ಕತ್ತು. ಚೌಕದ ತೂತು ಸವೆದಿದ್ದರೆ ಬೋಲ್ಟ್ ನಟ್ ಜೊತೆಗೇ ಸುತ್ತುತ್ತದೆ, ಅಲ್ವಾ? ಹಿಂದಿನಿಂದ ನಟ್ಟನ್ನೇ ಗ್ರೈಂಡರ್‌ನಿಂದ ಕತ್ತರಿಸಿ. ತಲೆ ಕೊರೆಯಲು ಹೋದರೆ ಬಿಟ್ ಜಾರಿ ಕ್ರೋಮ್ ಮೇಲೆ ಗೀರು ಬೀಳುತ್ತದೆ.

ಕೊನೆಯ ಬೋಲ್ಟ್ ಬಿಚ್ಚುವ ಮುಂಚೆ ಬಂಪರ್ ಕೆಳಗೆ ಏನಾದರೂ ಆಸರೆ ಕೊಡಿ. ಹಳೆಯ ಉಕ್ಕಿನ ಬಂಪರ್ ಭಾರ ನೋಡಿದವರಿಗೇ ಗೊತ್ತು. ವಾಪಸ್ ಹಾಕುವಾಗ ಅದೇ ಬಲದ ದರ್ಜೆಯ ಬೋಲ್ಟ್ ತನ್ನಿ, ತಲೆ ಮೇಲೆ 8.8 ಅಂತ ಇದ್ದರೆ 8.8 ಬೋಲ್ಟೇ. ಥ್ರೆಡ್‌ಗೆ ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಸೀಜ್ ಪೇಸ್ಟ್ ಸವರಿ. ಪೇಸ್ಟ್ ಇದ್ದಾಗ ಜಾರುವುದು ಹೆಚ್ಚು, ಹಾಗಾಗಿ ಒಣ ಬೋಲ್ಟ್‌ಗಿಂತ ಕಡಿಮೆ ಬಲದಲ್ಲೇ ಬಿಗಿಯಾಗಿಬಿಡುತ್ತದೆ. ಬ್ರಾಕೆಟ್ ತೂತುಗಳು ಉದ್ದುದ್ದ ಇದ್ದರೆ ಅದು ಬಂಪರ್ ಸರಿಹೊಂದಿಸಲಿಕ್ಕೆ. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ಕೂರಿಸಿ, ಎರಡು ಕಡೆಯ ಸಂದಿ ಒಂದೇ ಸಮ ಇದೆಯಾ ನೋಡಿ, ಆಮೇಲೆ ಸ್ಪ್ಯಾನರ್ ಎತ್ತಿಕೊಳ್ಳಿ.