ಬಕೆಟ್ಟಿಗೆ ಇಬ್ಬರು ಕೈ ಹಾಕಿದರೆ ಭಾರ ಅರ್ಧವಾಗುತ್ತದೆಯೇ?

ಪ್ರಶ್ನೆ: 20 ಲೀಟರ್ ನೀರಿರುವ ಬಕೆಟ್ಟನ್ನು ಇಬ್ಬರು ಹಿಡಿದು ಎತ್ತಿದರೆ ಒಬ್ಬೊಬ್ಬರಿಗೆ 10 ಕಿಲೋ ತಾನೇ?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಮತ್ತೊಮ್ಮೆ ಹೇಳುತ್ತೇನೆ: ಇಬ್ಬರ ಕೈಗಳೂ ನೆಟ್ಟಗೆ ಇಳಿಬಿದ್ದಿದ್ದರೆ ಮಾತ್ರ 10. ಒಂದೇ ಹಿಡಿಕೆ ಹಿಡಿದು, ಬಕೆಟ್ ಕಾಲಿಗೆ ಬಡಿಯದಿರಲೆಂದು ದೂರ ಸರಿದು ನಡೆಯುವವರ ಕೈ ಓರೆಯಾಗಿರುತ್ತದೆ. ಓರೆಯಾದಷ್ಟೂ ಹೊರೆ ಹೆಚ್ಚು.

ನಂಬದ ಮಕ್ಕಳಿಗೆ ತರಗತಿಯಲ್ಲಿ ಎರಡು ಸ್ಪ್ರಿಂಗ್ ತಕ್ಕಡಿ ಕೊಟ್ಟು, ಒಂದು ಕಿಲೋ ಬಟ್ಟನ್ನು ಅವುಗಳ ನಡುವೆ ತೂಗುಹಾಕಿಸುತ್ತೇನೆ. ಪಕ್ಕಪಕ್ಕದಲ್ಲಿ ನೇರವಾಗಿ ಹಿಡಿದಾಗ ಎರಡೂ ಅರ್ಧರ್ಧ ಕಿಲೋ ತೋರಿಸುತ್ತವೆ. ನಿಧಾನವಾಗಿ ದೂರ ಸರಿಸಿ ನಡುವಿನ ಕೋನ 90 ಡಿಗ್ರಿಯಾದಾಗ ಮುಳ್ಳು 700 ಗ್ರಾಂ ದಾಟುತ್ತದೆ. 120 ಡಿಗ್ರಿಯಲ್ಲಿ ಎರಡೂ ಪೂರ್ತಿ ಒಂದೊಂದು ಕಿಲೋ! ಇಬ್ಬರು ಹೊತ್ತರೂ ಒಬ್ಬನೇ ಹೊತ್ತಷ್ಟೇ ಭಾರ. ಆ ಕ್ಷಣದಲ್ಲಿ ತರಗತಿಯಲ್ಲಿ ಕವಿಯುವ ಮೌನ ನನಗೆ ಬಹಳ ಪ್ರಿಯ.

ಆಮೇಲೆ ಬರುವ ತಕರಾರೂ ಪ್ರತಿವರ್ಷ ಅದೇ: "ಅಡ್ಡಡ್ಡ ಎಳೆತ ಒಂದನ್ನೊಂದು ರದ್ದು ಮಾಡುತ್ತದಲ್ಲ, ಮತ್ತೆ ಭಾರ ಹೆಚ್ಚುವುದು ಹೇಗೆ?" ದಯವಿಟ್ಟು ಗಮನಿಸಿ. ರದ್ದಾಗುವುದು ಬಕೆಟ್ಟಿನ ಪಾಲಿಗೆ. ಅದು ಎಡಕ್ಕೂ ಹೋಗುವುದಿಲ್ಲ, ಬಲಕ್ಕೂ ಹೋಗುವುದಿಲ್ಲ. ನಿಮ್ಮ ಭುಜದ ಪಾಲಿಗೆ ಏನೂ ರದ್ದಾಗಿಲ್ಲ. ಮೇಲಕ್ಕೆ 10 ಕಿಲೋ ಎತ್ತುತ್ತಲೇ ಜೊತೆಯವರ ಅಡ್ಡ ಎಳೆತಕ್ಕೂ ಅದು ಎದುರು ನಿಲ್ಲಬೇಕು. ಬಲಕ್ಕೆ ಪ್ರಮಾಣದಷ್ಟೇ ದಿಕ್ಕೂ ಮುಖ್ಯ. ಹಣ ಎಣಿಸಿದಂತೆ ಅದನ್ನು ಕೂಡಿಸಲಾಗದು. ಎರಡು ಬಲಗಳನ್ನು ಎರಡು ಬಾಹುಗಳಾಗಿಸಿ ಸಮಾಂತರ ಚತುರ್ಭುಜ ಎಳೆದರೆ, ಅವು ಕೂಡುವ ಮೂಲೆಯಿಂದ ಹೊರಟ ಕರ್ಣವೇ ಫಲಿತ ಬಲ. 1687ರ 'ಪ್ರಿನ್ಸಿಪಿಯಾ'ದಲ್ಲಿ ನ್ಯೂಟನ್ ಚಲನೆಯ ಮೂರು ನಿಯಮಗಳ ಬೆನ್ನಿಗೇ ಇದನ್ನು ಇಟ್ಟಿದ್ದಾನೆ.

ಇಷ್ಟಾದ ಮೇಲೆ ಬಟ್ಟೆ ಒಣಹಾಕುವ ಹಗ್ಗದ ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಜೋತುಬೀಳಬಾರದೆಂದು ಅದನ್ನು ಬಿಗಿಯುತ್ತಲೇ ಇರುತ್ತೀರಿ. ನಾಲ್ಕು ಮೀಟರ್ ಅಂತರದ ಎರಡು ಮೊಳೆಗಳಿಗೆ ಕಟ್ಟಿದ ಹಗ್ಗದ ನಟ್ಟನಡುವೆ ಎರಡು ಕಿಲೋ ತೂಕದ ಒದ್ದೆ ಹೊದಿಕೆ ಹಾಕಿದ್ದೀರಿ, ಹಗ್ಗ ಹತ್ತೇ ಸೆಂಟಿಮೀಟರ್ ತಗ್ಗಿದೆ ಎನ್ನೋಣ. ಆಗ ಒಂದೊಂದು ಮೊಳೆಯ ಮೇಲಿನ ಎಳೆತ ಸುಮಾರು 20 ಕಿಲೋ. ಹಗ್ಗ ಪೂರ್ತಿ ನೇರವಾಗಿ ನಿಲ್ಲಬೇಕೆಂದರೆ ಯಾವ ಎಳೆತವೂ ಸಾಲದು, ಏಕೆಂದರೆ ನೇರ ಹಗ್ಗಕ್ಕೆ ಮೇಲಕ್ಕೆ ಎಳೆಯುವ ಪಾಲೇ ಇರುವುದಿಲ್ಲ. ಅರ್ಧ ಮೀಟರ್ ಜೋತುಬೀಳಲು ಬಿಡಿ. ಎಳೆತ ನಾಲ್ಕು ಕಿಲೋ ಆಸುಪಾಸಿಗೆ ಇಳಿಯುತ್ತದೆ, ಮೊಳೆಯೂ ಗೋಡೆಯಲ್ಲೇ ಉಳಿಯುತ್ತದೆ.