ರನ್‌ವೇ ಕಂಡ ಮೇಲೂ ಮುಗಿಯದ ಗಡಿ: ಇಳಿಯುವ ವಿಮಾನ ಎಷ್ಟು ಕೆಳಗೆ ಬರಬಹುದು?

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದರೆ ಶ್ರೀನಿವಾಸ ಸರಡಗಿ ಹತ್ತಿರ ವಿಮಾನ ನಿಲ್ದಾಣ ಸಿಗುತ್ತದೆ. 2019ರ ನವೆಂಬರ್ 22ರಂದು ಅದರ ಉದ್ಘಾಟನೆಯಾಯಿತು. ಆಗ ಎಲ್ಲರ ಬಾಯಲ್ಲೂ ಬೆಂಗಳೂರು ವಿಮಾನದ್ದೇ ಮಾತು. ಆಮೇಲೆ ಪೈಲಟ್ ತರಬೇತಿ ಶಾಲೆಗಳೂ ಬಂದವು. ಈಗ ತೊಗರಿ ಹೊಲಗಳ ಮೇಲೆ ಪುಟ್ಟ ವಿಮಾನಗಳು ಸುತ್ತು ಹಾಕುವುದು ಮಾಮೂಲು. ಪ್ರಯಾಣಿಕರ ವಿಮಾನವೂ ಇಳಿಯಬೇಕಾದದ್ದು ಅದೇ ರನ್‌ವೇ ಮೇಲೆ. ಬೀದರ್‌ನ ಆಕಾಶ ವಾಯುಪಡೆಯ ತರಬೇತಿ ಜೆಟ್‌ಗಳದ್ದು. 2020ರ ಫೆಬ್ರುವರಿಯಿಂದ ಅಲ್ಲಿ ನಾಗರಿಕ ವಿಮಾನಕ್ಕೂ ಜಾಗ ಮಾಡಿಕೊಡಲಾಯಿತು.

ದೊಡ್ಡದು, ಚಿಕ್ಕದು ಒಂದೇ ಕಡೆ ಹಾರುವಾಗ ಹಳೆಯ ಪ್ರಶ್ನೆಯೊಂದು ತಲೆ ಎತ್ತುತ್ತದೆ. ರನ್‌ವೇ ಕಣ್ಣಿಗೆ ಕಂಡ ಮೇಲೆ ಪೈಲಟ್ ತನಗೆ ತೋಚಿದ ದಾರಿಯಲ್ಲಿ ಇಳಿಯಬಹುದಾ?

ಮೋಡವಿಲ್ಲದ ದಿನ ಪೈಲಟ್ ‘ರನ್‌ವೇ ಕಾಣುತ್ತಿದೆ’ ಎಂದರೆ ವಿಮಾನ ಸಂಚಾರ ನಿಯಂತ್ರಣ ಕೇಂದ್ರ (ಎಟಿಸಿ) ‘ವಿಷುಯಲ್ ಅಪ್ರೋಚ್’ಗೆ, ಅಂದರೆ ಕಣ್ಣಿನಿಂದಲೇ ನೋಡಿಕೊಂಡು ಇಳಿಯಲು, ಅನುಮತಿ ಕೊಡಬಹುದು. ಸುತ್ತು ತಪ್ಪುತ್ತದೆ, ನಾಲ್ಕೈದು ನಿಮಿಷ ಉಳಿಯುತ್ತದೆ, ಇಂಧನವೂ ಉಳಿಯುತ್ತದೆ. ಎಲ್ಲರಿಗೂ ಖುಷಿ. ಆದರೆ ವಿಮಾನ ಆಗಲೂ ಐಎಫ್ಆರ್, ಅಂದರೆ ಉಪಕರಣ ನಂಬಿ ಹಾರುವವರ ನಿಯಮದಲ್ಲೇ ಇರುತ್ತದೆ. ಬದಲಾಗುವುದು ದಾರಿ ಹುಡುಕುವ ರೀತಿ ಮಾತ್ರ.

ಇನ್ನು ಆಕಾಶದ ಗಡಿ. ದೊಡ್ಡ ನಿಲ್ದಾಣಗಳ ಮೇಲೆ ಎಟಿಸಿ ಹತೋಟಿಯ ಆಕಾಶ ನಮ್ಮ ಹಳೆಯ ಮೆಟ್ಟಿಲು ಬಾವಿಯ ಹಾಗಿರುತ್ತದೆ. ಮೇಲೆ ಅಗಲ, ಕೆಳಗೆ ಇಳಿದಂತೆ ಕಿರಿದು. ರನ್‌ವೇ ಹತ್ತಿರ ಅದು ನೆಲ ಮುಟ್ಟುತ್ತದೆ. ದೂರದಲ್ಲಿ ಅದರ ತಳ ಸಾವಿರಾರು ಅಡಿ ಮೇಲೇ ಇರುತ್ತದೆ. ಅಮೆರಿಕದಲ್ಲಾದರೆ ಆ ತಳದ ಕೆಳಗೆ ಸಣ್ಣ ವಿಮಾನದವರು ಯಾರ ಅನುಮತಿಯೂ ಇಲ್ಲದೆ ಹಾರಬಹುದು.

ಇದೆಲ್ಲ ರಕ್ತ ಹರಿದ ಮೇಲೆ ಬಂದ ವ್ಯವಸ್ಥೆ. 1956ರಲ್ಲಿ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿಯಾಗಿ 128 ಜನ ಸತ್ತರು. ಎರಡೂ ಆಗ ಎಟಿಸಿ ಹತೋಟಿಯ ಆಚೆ ಇದ್ದವು. ‘ನೋಡಿಕೊಂಡು ತಪ್ಪಿಸಿಕೊಳ್ಳಿ’ ಎನ್ನುವುದೊಂದೇ ಅಲ್ಲಿನ ನಿಯಮ.

ಕಲಬುರಗಿಯವರು ಗಮನಿಸಬೇಕಾದದ್ದು 1978ರ ಸೆಪ್ಟೆಂಬರ್ 25ರ ಸ್ಯಾನ್ ಡಿಯಾಗೋ ಘಟನೆ. ಪಿಎಸ್ಎ 182 ಎಂಬ ಪ್ರಯಾಣಿಕ ವಿಮಾನ, ಬೋಯಿಂಗ್ 727. ಆಕಾಶ ಶುಭ್ರವಾಗಿತ್ತು, ವಿಷುಯಲ್ ಅಪ್ರೋಚ್‌ಗೆ ಅನುಮತಿ ಸಿಕ್ಕಿತ್ತು. ಮುಂದೆ ಸೆಸ್ನಾ 172 ಎಂಬ ಪುಟ್ಟ ವಿಮಾನ ಇತ್ತು, ತರಬೇತಿ ಹಾರಾಟದ್ದು. ಎಟಿಸಿಯ ಕಂಟ್ರೋಲರ್ ಅದರ ಬಗ್ಗೆ ಹೇಳಿದರು. ಪೈಲಟ್‌ಗಳು ಕಂಡಿದೆ ಎಂದರು. ಅಂತರ ಕಾಯುವ ಹೊಣೆ ಅಲ್ಲಿಗೆ ಕಾಕ್‌ಪಿಟ್‌ಗೆ ಬಂತು. ಸ್ವಲ್ಪ ಹೊತ್ತಿಗೆ ಸೆಸ್ನಾ ಕಣ್ಮರೆ. ‘ಅದನ್ನು ದಾಟಿದೆವಾ?’ ಎಂದು ಒಳಗೇ ಕೇಳಿಕೊಂಡರು, ದಾಟಿರಬೇಕು ಅಂದುಕೊಂಡರು. ಕಾಣುತ್ತಿಲ್ಲ ಎನ್ನುವುದು ಕಂಟ್ರೋಲರ್‌ಗೆ ಸ್ಪಷ್ಟವಾಗಿ ತಲುಪಲೇ ಇಲ್ಲ. ಸೆಸ್ನಾ ಅವರ ಕೆಳಗೇ ಇತ್ತು. 144 ಜನ ಹೋದರು, ಅದರಲ್ಲಿ 7 ಮಂದಿ ನೆಲದ ಮೇಲಿದ್ದವರು.

1986ರಲ್ಲಿ ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್‌ನಲ್ಲಿ ತಿರುಗುಮುರುಗು. ಅನುಮತಿ ಇಲ್ಲದೆ ಹತೋಟಿಯ ಆಕಾಶದೊಳಗೆ ನುಸುಳಿದ್ದು ಸಣ್ಣ ವಿಮಾನ. ಸತ್ತವರು 82. ನಮ್ಮಲ್ಲಿ 1996ರ ಹರಿಯಾಣದ ಚರ್ಖಿ ದಾದ್ರಿ ಡಿಕ್ಕಿ, 349 ಸಾವು. ಇವುಗಳ ಬೆನ್ನಿಗೇ ಡಿಕ್ಕಿ ಎಚ್ಚರಿಸುವ ಟಿಕ್ಯಾಸ್ ಯಂತ್ರ ಕಡ್ಡಾಯವಾಯಿತು.

ಅಮೆರಿಕದ ನಿಯಮ ಮಾತ್ರ ಖಡಕ್ಕಾಗಿದೆ. ಅಲ್ಲಿನ ಅತಿ ದಟ್ಟಣೆಯ ನಿಲ್ದಾಣಗಳಿಗೆ ಬರುವ ದೊಡ್ಡ ಜೆಟ್‌ಗಳು, ಎಟಿಸಿ ಬೇರೆ ಹೇಳದ ಹೊರತು, ಹತೋಟಿಯ ಆಕಾಶದ ತಳಕ್ಕಿಂತ ಕೆಳಗೆ ಹೋಗಬಾರದು. ವಿಮಾನವನ್ನು ಅದರೊಳಗೇ ಇಟ್ಟುಕೊಳ್ಳಬೇಕು, ಹೊರಗೆ ಹೋದರೆ ತಿಳಿಸಬೇಕು ಎಂದು ಕಂಟ್ರೋಲರ್‌ಗಳ ಕೈಪಿಡಿಯೂ ಹೇಳುತ್ತದೆ. ಆದರೂ ಗೊಂದಲ ಹೋಗಿಲ್ಲ. ‘ವಿಷುಯಲ್’ ಅನುಮತಿ ಕೊಟ್ಟ ಮೇಲೆ ದಾರಿ, ಎತ್ತರ ಪೈಲಟ್ ಕೈಯಲ್ಲಿ. ಆ ತಳ ಎಲ್ಲೆಲ್ಲಿ ಎಷ್ಟು ಅಡಿಗೆ ಇದೆ ಎಂದು ತೋರಿಸುವ ನಕ್ಷೆ ಸಣ್ಣ ವಿಮಾನದವರ ಮಡಿಲಲ್ಲಿರುತ್ತದೆ. ಏರ್‌ಲೈನ್ ಪೈಲಟ್ ಎದುರಿನ ಅಪ್ರೋಚ್ ಚಾರ್ಟ್‌ನಲ್ಲಿ ಸಾಮಾನ್ಯವಾಗಿ ಆ ವಿವರ ಇರುವುದಿಲ್ಲ. ಇದು ವಿಚಿತ್ರ ಅಲ್ವಾ?

ಲೆಕ್ಕ ಹಾಕಿ ನೋಡಿ. ಮಾಮೂಲಿ 3 ಡಿಗ್ರಿ ಇಳಿಜಾರಿನಲ್ಲಿ ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ ಇಳಿಯಬೇಕು. 15 ಮೈಲಿ ದೂರದಲ್ಲಿ ವಿಮಾನ 4,500 ಅಡಿಯಲ್ಲಿರುತ್ತದೆ. ಅಲ್ಲಿ ತಳ 3,000 ಅಡಿಗೆ ಇದೆ ಅಂದುಕೊಳ್ಳಿ. ಇಳಿಜಾರು ಬಿಡದಿದ್ದರೆ ಚಿಂತೆಯಿಲ್ಲ. ರನ್‌ವೇ ಕಂಡಿತಲ್ಲ ಎಂದು ಬೇಗ 2,500ಕ್ಕೆ ಇಳಿದರೆ ಗೊತ್ತಿಲ್ಲದೇ ಹೊರಗೆ ಬಿದ್ದಂತೆ. ಟಿಕ್ಯಾಸ್ ಇದೆಯಲ್ಲ ಎನ್ನಬಹುದು. ಎದುರಿನ ವಿಮಾನದಲ್ಲಿ ತಾನಿದ್ದೇನೆ ಎಂದು ರೇಡಿಯೊ ಸಂಕೇತ ಕೊಡುವ ಟ್ರಾನ್ಸ್‌ಪಾಂಡರ್ ಇಲ್ಲದಿದ್ದರೆ ಅದಕ್ಕೆ ಏನೂ ಕಾಣದು. ನೆಲದಿಂದ ಸುಮಾರು ಸಾವಿರ ಅಡಿಗಿಂತ ಕೆಳಗೆ ಅದು ‘ಏರು, ಇಳಿ’ ಎಂದು ಹೇಳುವುದನ್ನೂ ನಿಲ್ಲಿಸುತ್ತದೆ. 2025ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಜೆಟ್ ಮತ್ತು ಸೇನಾ ಹೆಲಿಕಾಪ್ಟರ್ ಡಿಕ್ಕಿಯಾಗಿ 67 ಜನ ಸತ್ತದ್ದು ಹತೋಟಿಯ ಆಕಾಶದೊಳಗೇ. ಅಲ್ಲೂ ಅಂತರ ಕಾಯುವುದನ್ನು ಕಣ್ಣಿಗೇ ಬಿಡಲಾಗಿತ್ತು.

ನನಗಂತೂ ‘ವಿಷುಯಲ್’ ಎನ್ನುವಾಗಲೇ ಇಂಥ ಎತ್ತರಕ್ಕಿಂತ ಕೆಳಗೆ ಈಗಲೇ ಬೇಡ ಎಂದು ಕಂಟ್ರೋಲರ್ ಹೇಳಿಬಿಡುವುದು ಸರಿ ಅನಿಸುತ್ತದೆ. ಪೈಲಟ್‌ಗೆ ಗೊತ್ತಿರುತ್ತದೆ ಎಂದು ಅವರು, ಕಂಟ್ರೋಲರ್ ನೋಡಿಕೊಳ್ಳುತ್ತಾರೆ ಎಂದು ಇವರು ಸುಮ್ನೆ ಇದ್ದರೆ ನಡುವೆ ಜಾಗ ಖಾಲಿ ಉಳಿಯುತ್ತದೆ.

ಕಲಬುರಗಿಯ ಮಟ್ಟಿಗೆ ಇದಕ್ಕೆ ಇನ್ನೊಂದು ಲೆಕ್ಕವೂ ಸೇರುತ್ತದೆ. ಜೆಟ್ ಬರುವುದು ಸೆಸ್ನಾದಂಥ ವಿಮಾನದ ಸುಮಾರು ಎರಡು ಪಟ್ಟು ವೇಗದಲ್ಲಿ. ಅದು ನೇರ ಇಳಿಯುತ್ತೇನೆ ಎಂದರೆ ಸಣ್ಣದು ಬದಿಗೆ ಸರಿದು ಇನ್ನೊಂದು ಸುತ್ತು ಹಾಕಬೇಕು. ಹಾರಾಟದ ಶುಲ್ಕ ಗಂಟೆಯ ಲೆಕ್ಕದಲ್ಲಿ. ಜೆಟ್‌ನಲ್ಲಿ ಉಳಿದ ಆ ನಾಲ್ಕೈದು ನಿಮಿಷದ ಬಿಲ್ ತರಬೇತಿಗೆ ಬಂದ ಹುಡುಗ ಹುಡುಗಿಯರ ಮನೆಗೆ ಹೋಗುತ್ತದೆ.