ಮನೆಯ ಕೊಳವೆಬಾವಿ: ರಿಗ್ ಆರಿಸುವುದು ನೆಲ

ಬಾವಿ ಕೊರೆಯುವ ಯಾವ ವಿಧಾನವಾದರೂ ಮೂರು ಕೆಲಸ ಮಾಡಲೇಬೇಕು: ನೆಲ ಒಡೆಯಬೇಕು, ಒಡೆದ ಪುಡಿಯನ್ನು ಮೇಲೆ ತರಬೇಕು, ಗುಂಡಿಯ ಗೋಡೆ ಕುಸಿಯದಂತೆ ತಡೆದಿರಬೇಕು. ಬಂಡೆಯಲ್ಲಿ ಮೊದಲನೆಯದು ಕಷ್ಟ, ಮರಳಿನಲ್ಲಿ ಕೊನೆಯದು. ಹಾಗಾಗಿ ಸುತ್ತಲಿನ ಬಾವಿಗಳಲ್ಲಿ ಎಷ್ಟು ಆಳದಲ್ಲಿ ಏನು ಸಿಕ್ಕಿತೆಂದು ವಿಚಾರಿಸದೆ ರಿಗ್ ಕರೆಸಬಾರದು.

ಮಣ್ಣು ಮೆತ್ತಗಿದ್ದು, ನೀರು ಹತ್ತು ಮೀಟರಿನೊಳಗೇ ಇದ್ದರೆ ಕೈಯಿಂದ ತಿರುಗಿಸುವ ಆಗರ್ (ಮಣ್ಣು ಕೊರೆಯುವ ಬೈರಿಗೆ) ಸಾಕು. ದಪ್ಪ ಕಲ್ಲು ಅಡ್ಡ ಬಂದರೆ ಅದರೊಂದಿಗೆ ಗುದ್ದಾಡುವುದಕ್ಕಿಂತ ಒಂದೆರಡು ಮೀಟರ್ ಪಕ್ಕಕ್ಕೆ ಸರಿಯುವುದು ಲೇಸು. ಜಲಮಟ್ಟದ ಕೆಳಗಿನ ಸಡಿಲ ಮರಳು ಗುಂಡಿಯೊಳಕ್ಕೆ ಹರಿದುಬರುತ್ತದೆ. ಅಲ್ಲಿ ತಾತ್ಕಾಲಿಕ ಕೇಸಿಂಗ್ (ಗೋಡೆ ತಡೆಯುವ ಕೊಳವೆ) ಇಳಿಸಿ, ಅದರೊಳಗಿಂದ ಬೈಲರ್ ಎಂಬ, ತಳದಲ್ಲಿ ಕವಾಟವಿರುವ ಉದ್ದ ಕೊಳವೆಯಲ್ಲಿ ಮರಳು ಮೊಗೆಯಬೇಕು. ಭಾರದ ಉಳಿಯನ್ನು ಎತ್ತಿ ಬೀಳಿಸುವ ಪರ್ಕಶನ್ ರಿಗ್ ಹೆಚ್ಚುಕಡಿಮೆ ಎಲ್ಲ ನೆಲಕ್ಕೂ ಒಗ್ಗುತ್ತದೆ, ಆದರೆ ಬಲು ನಿಧಾನ.

ಗಟ್ಟಿ ಬಂಡೆಗೆ ಡಿಟಿಎಚ್ (ಡೌನ್-ದಿ-ಹೋಲ್, ಅಂದರೆ ಗುಂಡಿಯ ತಳದಲ್ಲೇ ಬಡಿಯುವ) ಹ್ಯಾಮರ್. ಬಂಡೆ ಒಡೆಯುವ ತುದಿಯಾದ ಬಿಟ್‌ನ ಬೆನ್ನಿಗೇ ಇರುವ ಪಿಸ್ಟನ್ ಕಂಪ್ರೆಸರ್ ಗಾಳಿಯಿಂದ ಬಡಿಯುತ್ತದೆ. ಅದೇ ಗಾಳಿ ಪುಡಿಯನ್ನೂ ಮೇಲೆ ತಳ್ಳುತ್ತದೆ. ಏರುವ ಗಾಳಿಯ ವೇಗ ಸೆಕೆಂಡಿಗೆ ಸುಮಾರು 15 ಮೀಟರ್ ಇರಬೇಕು. ಕಡಿಮೆಯಾದರೆ ಪುಡಿ ಹ್ಯಾಮರ್ ಮೇಲೆ ಕೂತು ರಾಡುಗಳೇ ಸಿಕ್ಕಿಕೊಳ್ಳುತ್ತವೆ. ಕಂಪ್ರೆಸರ್‌ನ ಒತ್ತಡವಷ್ಟೇ ನೋಡಿದರೆ ಸಾಲದು, ಗಾಳಿಯ ಪ್ರಮಾಣವೂ ಗುಂಡಿಯ ಅಗಲಕ್ಕೆ ತಕ್ಕಷ್ಟಿರಬೇಕು. ಗಾಳಿಗೆ ಗೋಡೆ ತಡೆಯುವ ಶಕ್ತಿಯಿಲ್ಲ. ಮೇಲಿನ ಸಡಿಲ ಪದರ ದಾಟಿ ಗಟ್ಟಿ ಬಂಡೆ ಮುಟ್ಟುವವರೆಗೂ ಕೇಸಿಂಗ್ ಕೂರಿಸಲೇಬೇಕು.

ಆಳದವರೆಗೂ ಮರಳು, ಜೇಡಿ ಇರುವಲ್ಲಿ ಬೆಂಟೊನೈಟ್ (ನೀರಿನಲ್ಲಿ ಉಬ್ಬುವ ಜೇಡಿ) ಕೆಸರು ಬಳಸಿ, ಬಿಟ್ ತಿರುಗಿಸುತ್ತಾ ಕೊರೆಯುವ ರೋಟರಿ ವಿಧಾನ ಸೂಕ್ತ. ಗುಂಡಿಯ ತುಂಬ ಕೆಸರಿದ್ದರೆ ಅದರ ಒತ್ತಡವೇ ಗೋಡೆಯನ್ನು ಹಿಡಿದಿರುತ್ತದೆ. ಆದರೆ ಗೋಡೆಗೆ ಮೆತ್ತಿಕೊಂಡ ಕೆಸರಿನ ಪದರ ನೀರಿನ ದಾರಿಯನ್ನೂ ಮುಚ್ಚುತ್ತದೆ. ಪೈಪ್ ಇಳಿಸಿದ ಮೇಲೆ ಗಾಳಿಯಿಂದ ನೀರನ್ನು ಹಿಂದೆ ಮುಂದೆ ಆಡಿಸಿ, ಮರಳಿಲ್ಲದ ತಿಳಿನೀರು ಬರುವವರೆಗೆ ತೊಳೆಯಬೇಕು. ಅದಕ್ಕೆ ಗಂಟೆಗಳೇ ಹಿಡಿಯುವುದರಿಂದ ಗುತ್ತಿಗೆದಾರರು ಮೊಟಕುಗೊಳಿಸಲು ನೋಡುವುದೂ ಇದನ್ನೇ. ಆಮೇಲೆ ಬಾವಿಯಲ್ಲಿ ನೀರಿಲ್ಲವೆಂಬ ದೂರು!

ಇನ್ನು ವ್ಯಾಸದ ವಿಚಾರ. ಮರಳಿನ ಪದರದಲ್ಲಿ ಸೀಳುಪೈಪಿನ (ನೀರು ಒಳಬರಲು ಸೀಳುಗಳಿರುವ ಪೈಪು) ಸುತ್ತ 50 ಮಿ.ಮೀ.ನಷ್ಟು ಸಣ್ಣ ಜಲ್ಲಿ ಬೇಕೆಂದರೆ, 110 ಮಿ.ಮೀ. ಪೈಪಿಗೆ 210 ಮಿ.ಮೀ. ಗುಂಡಿ ಬೇಕು. ಬಂಡೆಯಲ್ಲಿ ಜಲ್ಲಿ ಬೇಡವಾದರೂ ಕೇಸಿಂಗ್ ಸುತ್ತಲಿನ ಸಂದಿಯನ್ನು ನೆಲಮಟ್ಟದಿಂದ ಕನಿಷ್ಠ 3 ಮೀಟರ್ ಆಳದವರೆಗೆ ಸಿಮೆಂಟ್ ಗಾರೆಯಿಂದ ಮುಚ್ಚದಿದ್ದರೆ ಮೇಲಿನ ಕೊಳೆನೀರು ಅಲ್ಲಿಂದಲೇ ಇಳಿಯುತ್ತದೆ. ಪೈಪ್ ತೂರುವಷ್ಟೇ ಗುಂಡಿ ಕೊರೆಯುವ ಅಗ್ಗದ ರಿಗ್‌ನಿಂದ ಇವೆರಡೂ ಆಗುವುದಿಲ್ಲ.